ಚಿತ್ರ ಕಾಣುವ ಗಾಜು

ಹುಬ್ಬಳ್ಳಿಯ ದಕ್ಷಿಣದ ಅಂಚಿನಲ್ಲಿ ಗಬ್ಬೂರ ಎಂಬ ಊರಿದೆ. ಪುಣೆ–ಬೆಂಗಳೂರು ಹೆದ್ದಾರಿಯ ಬೈಪಾಸ್ ರಸ್ತೆ ಇಲ್ಲಿಂದ ಹೊರಟು, ಅವಳಿ ನಗರಗಳನ್ನು ಬಳಸಿಕೊಂಡು, ಧಾರವಾಡದಾಚೆಯ ನರೇಂದ್ರವನ್ನು ಮುಟ್ಟುತ್ತದೆ. ರಸ್ತೆಯ ಮೇಲೆ ಹಗಲಿರುಳೂ ವಾಹನಗಳ ಸಾಲು. ಅದರಾಚೆಗೆ ಎರೆಭೂಮಿಯ ಹೊಲಗಳು. ಈ ಸೀಮೆಯ ಒಕ್ಕಲಿಗರಿಗೆ ಕಾರಹುಣ್ಣಿಮೆ ದೊಡ್ಡ ಹಬ್ಬ. ಅಂದು ಎತ್ತುಗಳ ಮೈ ತೊಳೆದು, ಕೋಡುಗಳಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಬೆನ್ನಿಗೆ ಝೂಲು ಹೊದಿಸುತ್ತಾರೆ. ಸಂಜೆ ಊರ ಅಗಸಿಗೆ ಅಡ್ಡಲಾಗಿ ಬೇವಿನ ತೋರಣ ಕಟ್ಟಿ ಎತ್ತುಗಳನ್ನು ಓಡಿಸುತ್ತಾರೆ. ಇದೇ ಕರಿ ಹರಿಯುವುದು. ಮೊದಲು ಕರಿ ಹರಿದ ಎತ್ತಿನ ಬಣ್ಣವನ್ನು ನೋಡಿ ಆ ವರ್ಷದ ಬೆಳೆಯನ್ನು ಊಹಿಸುವ ವಾಡಿಕೆ ಹಿಂದಿನಿಂದಲೂ ಬಂದಿದೆ.

ಈ ದೃಶ್ಯವನ್ನು ಚಿತ್ರಿಸಲು ಗಬ್ಬೂರಿನಂತಹ ಊರಿನ ಅಗಸಿಯ ಬಳಿ ಕ್ಯಾಮರಾ ಹೂಡಿ ನಿಂತಿರುವ ತಂಡವೊಂದನ್ನು ಕಲ್ಪಿಸಿಕೊಳ್ಳೋಣ. ಎತ್ತುಗಳು ಓಡುವುದು ಕೆಲವೇ ಕ್ಷಣ. ಚಿತ್ರ ಮಸುಕಾಯಿತೆಂದು “ಇನ್ನೊಮ್ಮೆ ಓಡಿಸಿರಿ” ಎಂದು ಕೇಳುವಂತಿಲ್ಲ. ಹರಿದ ಕರಿಯನ್ನು ಮತ್ತೆ ಕಟ್ಟಿದರೆ ಅದು ಹಬ್ಬವಾಗದು, ನಾಟಕವಾಗುತ್ತದೆ. ಇಂದು ಇಂತಹ ತಂಡದವರು ಕ್ಯಾಮರಾಕ್ಕೆ ತಂತಿಯೊಂದನ್ನು ಜೋಡಿಸಿ, ಪಕ್ಕದಲ್ಲಿ ಇರಿಸಿದ ದೊಡ್ಡ ಪರದೆಯ ಮೇಲೆ ಚಿತ್ರವನ್ನು ನೋಡುತ್ತಲೇ ಚಿತ್ರೀಕರಣ ನಡೆಸುತ್ತಾರೆ. ಆ ಪರದೆಗೆ ‘ಮಾನಿಟರ್’ ಎಂದು ಹೆಸರು. ತೆಗೆಯುತ್ತಿರುವ ಚಿತ್ರವನ್ನು ತೆಗೆಯುವಾಗಲೇ ದೊಡ್ಡದಾಗಿ ಕಾಣಬೇಕೆಂಬ ಹಂಬಲ ಹೊಸದಲ್ಲ. ಅದು ಛಾಯಾಗ್ರಹಣದಷ್ಟೇ ಹಳೆಯದು.

1855ರಲ್ಲಿ ಮುಂಬಯಿ ಸರಕಾರವು ಕರ್ನಲ್ ಬಿಗ್ಸ್ ಎಂಬ ಸೈನಿಕ ಅಧಿಕಾರಿಯನ್ನು ಬಿಜಾಪುರ, ಬಾದಾಮಿ, ಐಹೊಳೆ ಮುಂತಾದ ಸ್ಥಳಗಳ ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಬಳಿಕ ಡಾಕ್ಟರ್ ಪಿಗೂ ಎಂಬ ವೈದ್ಯರು ಈ ಕೆಲಸವನ್ನು ಮುಂದುವರಿಸಿದರು. ಧಾರವಾಡ ಹಾಗೂ ಮೈಸೂರು ಸೀಮೆಗಳ ದೇವಾಲಯಗಳ ಇಂತಹ ಚಿತ್ರಗಳನ್ನೊಳಗೊಂಡ ದೊಡ್ಡ ಗ್ರಂಥವೊಂದು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು.

ಆ ಕಾಲದ ಕ್ಯಾಮರಾ ಮರದ ಪೆಟ್ಟಿಗೆ. ಮುಂದೆ ಮಸೂರ, ಹಿಂದೆ ಉಜ್ಜಿ ಮಸುಕು ಮಾಡಿದ ಗಾಜು. ಛಾಯಾಗ್ರಾಹಕನು ತಲೆಯ ಮೇಲೆ ಕರಿಯ ಬಟ್ಟೆ ಹೊದ್ದು ಆ ಗಾಜನ್ನು ನೋಡುತ್ತಿದ್ದನು. ಬೆಳಕು ನೇರವಾಗಿ ಚಲಿಸುವುದರಿಂದ ಗೋಪುರದ ತುದಿಯಿಂದ ಬಂದ ಕಿರಣ ಗಾಜಿನ ಕೆಳಭಾಗಕ್ಕೂ, ಬುಡದಿಂದ ಬಂದ ಕಿರಣ ಮೇಲ್ಭಾಗಕ್ಕೂ ಬೀಳುತ್ತಿತ್ತು. ಹೀಗಾಗಿ ದೇವಾಲಯ ತಲೆಕೆಳಗಾಗಿಯೂ ಎಡಬಲ ಅದಲುಬದಲಾಗಿಯೂ ಕಾಣುತ್ತಿತ್ತು. ಆದರೂ ಆ ಗಾಜಿಗೆ ಒಂದು ಹಿರಿಮೆಯಿತ್ತು. ನೆಗೆಟಿವ್ ಎಷ್ಟು ದೊಡ್ಡದೋ ಗಾಜಿನ ಮೇಲಿನ ಬಿಂಬವೂ ಅಷ್ಟೇ ದೊಡ್ಡದು. ಕಂಬದ ಕೆತ್ತನೆ ಸ್ಫುಟವಾಗಿದೆಯೇ, ಕಳಸ ಚೌಕಟ್ಟಿನೊಳಗೆ ಇದೆಯೇ ಎಂಬುದನ್ನು ಭೂತಗನ್ನಡಿ ಹಿಡಿದು ನೋಡಬಹುದಾಗಿತ್ತು.

ಕೊರತೆಯೊಂದಿತ್ತು. ಚಿತ್ರ ತೆಗೆಯಬೇಕಾದಾಗ ಮಸುಕು ಗಾಜಿನ ಸ್ಥಾನದಲ್ಲಿ ಬೆಳಕಿಗೆ ಸ್ಪಂದಿಸುವ ಕಾಗದ ಅಥವಾ ಫಲಕವನ್ನು ಇರಿಸಬೇಕಾಗಿತ್ತು. ಆಗ ನೋಡಲು ಗಾಜೇ ಇಲ್ಲ! ಚಿತ್ರ ಮೂಡುವ ಕ್ಷಣದಲ್ಲಿಯೇ ಛಾಯಾಗ್ರಾಹಕ ಕುರುಡನಾಗುತ್ತಿದ್ದನು. ಕದಲದ ಕಲ್ಲಿನ ಗುಡಿಗೆ ಇದರಿಂದ ಬಾಧಕವಿರಲಿಲ್ಲ. ಓಡುವ ಎತ್ತಿಗಾದರೋ ಈ ಉಪಾಯ ಸಲ್ಲದು.

ಚಲನಚಿತ್ರ ಬಂದ ಮೇಲೆ ಈ ಕಷ್ಟ ಮತ್ತಷ್ಟು ಹೆಚ್ಚಿತು. ಬಹಳ ಕಾಲ ಕ್ಯಾಮರಾದ ಪಕ್ಕಕ್ಕೆ ಜೋಡಿಸಿದ ಬೇರೊಂದು ಕಿಂಡಿಯಿಂದ ದೃಶ್ಯವನ್ನು ನೋಡುವುದು ರೂಢಿಯಲ್ಲಿತ್ತು. ಕಿಂಡಿಯ ನೋಟಕ್ಕೂ ಮಸೂರದ ನೋಟಕ್ಕೂ ತುಸು ವ್ಯತ್ಯಾಸವಿರುತ್ತಿತ್ತು. 1937ರಲ್ಲಿ ಜರ್ಮನಿಯ ಆರಿಫ್ಲೆಕ್ಸ್ ಕ್ಯಾಮರಾ ಬಂದಾಗ ಈ ತೊಂದರೆ ನೀಗಿತು. ಅದರ ತಿರುಗುವ ಮುಚ್ಚಳಕ್ಕೆ ಕನ್ನಡಿಯಿತ್ತು. ಮುಚ್ಚಳ ಫಿಲ್ಮನ್ನು ಮರೆಮಾಡಿದಾಗಲೆಲ್ಲ ಮಸೂರದಿಂದ ಬಂದ ಬೆಳಕು ಕನ್ನಡಿಗೆ ತಾಗಿ ನೋಡುವವನ ಕಣ್ಣಿಗೆ ಬರುತ್ತಿತ್ತು. ಆದರೆ ನೋಡಬಲ್ಲವನು ಒಬ್ಬನೇ. ಅದೂ ಒಂದೇ ಕಣ್ಣಿನಿಂದ.

ನಿರ್ದೇಶಕನು ಕ್ಯಾಮರಾದ ಪಕ್ಕದಲ್ಲಿ ನಿಂತು ನಟರನ್ನು ನೋಡುತ್ತಿದ್ದನು. ದೃಶ್ಯ ಮುಗಿದೊಡನೆ ಛಾಯಾಗ್ರಾಹಕನ ಕಡೆಗೆ ತಿರುಗಿ “ಹೇಗಾಯಿತು?” ಎಂದು ಕೇಳುತ್ತಿದ್ದನು. ಆ ಉತ್ತರದ ಮೇಲೆ ಒಂದು ದಿನದ ದುಡಿಮೆಯೆಲ್ಲ ನಿಂತಿರುತ್ತಿತ್ತು. ಫಿಲ್ಮನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಸಂಸ್ಕರಿಸಿ, ತೆರೆಯ ಮೇಲೆ ನೋಡಿದಾಗಲೇ ನಿಜ ತಿಳಿಯುವುದು. ಅಷ್ಟರಲ್ಲಿ ನಟರು ಊರು ಬಿಟ್ಟಿರಬಹುದು, ಮಳೆ ಹಿಡಿದಿರಬಹುದು.

ಮೈಸೂರಿನಲ್ಲಿ 1923ರಲ್ಲಿ ಜನಿಸಿದ ವಿ. ಕೆ. ಮೂರ್ತಿಯವರು ಇಂತಹ ಕಾಲದ ಛಾಯಾಗ್ರಾಹಕರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತು ಮುಂಬಯಿಗೆ ಹೋದ ಅವರು, ಗುರುದತ್ತರು 1959ರಲ್ಲಿ ನಿರ್ದೇಶಿಸಿದ ‘ಕಾಗಜ್ ಕೆ ಫೂಲ್’ ಚಿತ್ರಕ್ಕೆ ಛಾಯಾಗ್ರಹಣ ಮಾಡಿದರು. ಅದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಸ್ಟುಡಿಯೋದ ಮಬ್ಬಿನೊಳಗೆ ಮೇಲಿನಿಂದ ಇಳಿಯುವ ಬೆಳಕಿನ ಕೋಲೊಂದಿದೆ. ದೊಡ್ಡ ಕನ್ನಡಿಗಳಿಂದ ಬಿಸಿಲನ್ನೇ ಒಳಕ್ಕೆ ತಿರುಗಿಸಿ ಅವರು ಅದನ್ನು ಸಾಧಿಸಿದರು. ಪಕ್ಕದಲ್ಲಿ ಪರದೆ ಇಟ್ಟು ನೋಡುವ ಅನುಕೂಲ ಅವರಿಗಿರಲಿಲ್ಲ. ಬೆಳಕನ್ನು ಅಳೆದು, ಫಿಲ್ಮಿನ ಗುಣವನ್ನರಿತು, ಮೂಡಬೇಕಾದ ಚಿತ್ರವನ್ನು ಮನಸ್ಸಿನಲ್ಲೇ ಮೊದಲು ಕಂಡಿದ್ದರು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತುದು ಅದೇ ಮೊದಲು.

1960ರ ಹೊತ್ತಿಗೆ ಅಮೆರಿಕದ ಹಾಸ್ಯನಟ ಜೆರ್ರಿ ಲೂಯಿಸ್ ‘ದಿ ಬೆಲ್‌ಬಾಯ್’ ಎಂಬ ಚಿತ್ರವನ್ನು ನಿರ್ದೇಶಿಸಿದರು. ನಟಿಸುವವರೂ ಅವರೇ ಆದ್ದರಿಂದ ತಮ್ಮ ಅಭಿನಯವನ್ನು ತಾವೇ ನೋಡಿಕೊಳ್ಳುವ ಅಗತ್ಯ ಬಿದ್ದಿತು. ಸಿನಿಮಾ ಕ್ಯಾಮರಾದೊಡನೆ ದೂರದರ್ಶನ ಕ್ಯಾಮರಾವೊಂದನ್ನು ಹೂಡಿ, ಅದರ ಚಿತ್ರವನ್ನು ಪರದೆಯಲ್ಲಿ ಪರಿಶೀಲಿಸಿದರು. ಮುಂದೆ ಸಿನಿಮಾ ಕ್ಯಾಮರಾದ ಒಳಗಿನ ಬೆಳಕಿನಲ್ಲಿಯೇ ಒಂದು ಪಾಲನ್ನು ಪುಟ್ಟ ವಿಡಿಯೋ ಕ್ಯಾಮರಾಕ್ಕೆ ತಿರುಗಿಸುವ ಏರ್ಪಾಟು ಬಂದಿತು. ಹೀಗೆ ಒಬ್ಬನ ಕಣ್ಣಿಗೆ ಸೀಮಿತವಾಗಿದ್ದುದು ಹಲವರ ಕಣ್ಣಿಗೆ ಬಿದ್ದಿತು. ಡಿಜಿಟಲ್ ಕ್ಯಾಮರಾ ಬಂದ ಬಳಿಕವಂತೂ ದಾಖಲಾಗುವ ಚಿತ್ರವೇ ಪರದೆಯ ಮೇಲೆ ಕಾಣತೊಡಗಿತು.

ಪರದೆ ದೊಡ್ಡದಾಗಿರಬೇಕೇಕೆ? ಇದನ್ನು ಲೆಕ್ಕದಿಂದ ತಿಳಿಯಬಹುದು. ಇಂದಿನ ಸಾಧಾರಣ ಕ್ಯಾಮರಾದ ಚಿತ್ರವೊಂದರಲ್ಲಿ ಅಡ್ಡಕ್ಕೆ 6000, ಉದ್ದಕ್ಕೆ 4000, ಒಟ್ಟು 2 ಕೋಟಿ 40 ಲಕ್ಷ ಬಿಂದುಗಳಿರುತ್ತವೆ. ಕ್ಯಾಮರಾದ ಬೆನ್ನಿನಲ್ಲಿರುವ ಮೂರು ಅಂಗುಲದ ಪರದೆ ತೋರಿಸಬಲ್ಲುದು ಸುಮಾರು ಮೂರೂವರೆ ಲಕ್ಷ ಬಿಂದುಗಳನ್ನು. ಅಂದರೆ ಎಪ್ಪತ್ತರಲ್ಲಿ ಒಂದು ಪಾಲು. ಉಳಿದುದು ಅಡಕವಾಗಿ ಹೋಗುತ್ತದೆ. ಆದ್ದರಿಂದ ತುಸು ಮಸುಕಾದ ಚಿತ್ರವೂ ಆ ಪುಟ್ಟ ಪರದೆಯಲ್ಲಿ ಸ್ಫುಟವಾಗಿಯೇ ತೋರುತ್ತದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದಾಗ ಎತ್ತಿನ ಮುಖಕ್ಕೆ ಬದಲು ಹಿಂದಿನ ಗೋಡೆ ಸ್ಪಷ್ಟವಾಗಿರುತ್ತದೆ! ದೊಡ್ಡ ಪರದೆ ಈ ಮೋಸವನ್ನು ಸ್ಥಳದಲ್ಲಿಯೇ ಬಯಲು ಮಾಡುತ್ತದೆ.

ಆದರೆ ದೊಡ್ಡ ಪರದೆಯೂ ಕೆಲವೊಮ್ಮೆ ವಂಚಿಸುತ್ತದೆ. ಬಿಸಿಲಿನಲ್ಲಿ ಅದು ಕಪ್ಪಾಗಿ ಕಾಣುತ್ತದೆ. ಅದನ್ನು ನಂಬಿ ಬೆಳಕನ್ನು ಹೆಚ್ಚಿಸಿದರೆ ಬಿಳಿ ಎತ್ತಿನ ಮೈ ಸುಣ್ಣದ ಗೋಡೆಯಂತಾಗುತ್ತದೆ. ಆದುದರಿಂದ ಪರದೆಗೆ ಕಪ್ಪು ಮರೆ ಕಟ್ಟುವುದುಂಟು. ಬಿಗ್ಸ್ ಮತ್ತು ಪಿಗೂ ಅವರ ಕಾಲದ ಕರಿಯ ಬಟ್ಟೆಯ ಕೆಲಸವನ್ನೇ ಇಂದು ಈ ಮರೆ ಮಾಡುತ್ತದೆ. ಅಲ್ಲದೆ ತಂತಿಯಿಲ್ಲದೆ ಕಳುಹಿಸಿದ ಚಿತ್ರ ಪರದೆಗೆ ತುಸು ತಡವಾಗಿ ತಲಪಬಹುದು. ಪರದೆಯಲ್ಲಿ ಎತ್ತು ತೋರಣವನ್ನು ಮುಟ್ಟುವಷ್ಟರಲ್ಲಿ ನಿಜವಾದ ಎತ್ತು ಅದನ್ನು ದಾಟಿರುತ್ತದೆ.

ಇನ್ನೊಂದು ಅಪಾಯ ಮನುಷ್ಯ ಸ್ವಭಾವಕ್ಕೆ ಸಂಬಂಧಿಸಿದುದು. ಪರದೆಯ ಸುತ್ತ ಜನ ಸೇರುತ್ತಾರೆ. ಪ್ರತಿಯೊಬ್ಬನೂ ಸಲಹೆ ಕೊಡುತ್ತಾನೆ. ಎದುರಿಗಿರುವ ಮನುಷ್ಯನನ್ನು ನೋಡುವ ಬದಲು ಎಲ್ಲರೂ ಅವನ ಬಿಂಬವನ್ನೇ ನೋಡುತ್ತಾರೆ. ತಪ್ಪಿದರೆ ಮತ್ತೊಮ್ಮೆ ತೆಗೆಯಬಹುದೆಂಬ ಧೈರ್ಯದಿಂದ ಮೊದಲ ಸಲದ ಎಚ್ಚರ ಸಡಿಲಾಗುತ್ತದೆ.

ಅಗಸಿಯ ಬಳಿಯ ತಂಡಕ್ಕೆ ಮರಳೋಣ. ಜಾಣರಾದವರು ಮಧ್ಯಾಹ್ನವೇ ಅಲ್ಲಿಗೆ ಬರುತ್ತಾರೆ. ತೋರಣದ ಕೆಳಗೆ ಒಬ್ಬ ಹುಡುಗನನ್ನು ನಡೆಯಿಸಿ, ಪರದೆಯಲ್ಲಿ ಸ್ಫುಟತೆಯನ್ನೂ ಚೌಕಟ್ಟನ್ನೂ ಪರೀಕ್ಷಿಸುತ್ತಾರೆ. ಸಂಜೆಯ ಬೆಳಕು ಇಳಿದಂತೆಲ್ಲ ಮತ್ತೆ ಮತ್ತೆ ನೋಡಿ ಸರಿಪಡಿಸುತ್ತಾರೆ. ಹಲಗೆಯ ಸದ್ದು ಎದ್ದು ಎತ್ತುಗಳು ಬಿಟ್ಟೊಡನೆ ಛಾಯಾಗ್ರಾಹಕನು ಪರದೆಯನ್ನು ಮರೆತು ಎತ್ತನ್ನೇ ನೋಡುತ್ತಾನೆ. ಮೊದಲು ಕರಿ ಹರಿದುದು ಬಿಳಿಯ ಎತ್ತೋ ಕಂದು ಎತ್ತೋ ಎಂದು ಊರವರು ಮರುದಿನ ಕೇಳಿದರೆ ಅವನ ಚಿತ್ರ ಉತ್ತರ ಹೇಳಬೇಕು. ಆ ಉತ್ತರ ಸಿದ್ಧವಾಗುವುದು ಮಧ್ಯಾಹ್ನದ ಆ ತಾಳ್ಮೆಯ ನೋಟದಲ್ಲಿ.

ಅಭ್ಯಾಸ

1. ಮಸುಕು ಗಾಜಿನ ಮೇಲೆ ದೇವಾಲಯ ತಲೆಕೆಳಗಾಗಿ ಕಾಣಲು ಕಾರಣವೇನು?
2. ಆರಿಫ್ಲೆಕ್ಸ್ ಕ್ಯಾಮರಾದಿಂದ ಯಾವ ತೊಂದರೆ ನೀಗಿತು? ಯಾವುದು ಉಳಿಯಿತು?
3. ವಿ. ಕೆ. ಮೂರ್ತಿಯವರು ಬೆಳಕಿನ ಕೋಲನ್ನು ಹೇಗೆ ಸಾಧಿಸಿದರು?
4. ದೊಡ್ಡ ಪರದೆಯ ಪ್ರಯೋಜನಗಳನ್ನೂ ಅಪಾಯಗಳನ್ನೂ ವಿವರಿಸಿರಿ.
5. ನಿಮ್ಮ ಊರಿನಲ್ಲಿ ವರ್ಷಕ್ಕೊಮ್ಮೆ ಮಾತ್ರ ಕಾಣುವ ದೃಶ್ಯವೊಂದನ್ನು ಚಿತ್ರಿಸಬೇಕಾದರೆ ಏನೇನು ಸಿದ್ಧತೆ ಮಾಡಿಕೊಳ್ಳುವಿರಿ? ಹತ್ತು ವಾಕ್ಯಗಳಲ್ಲಿ ಬರೆಯಿರಿ.