ನಿರ್ಬಂಧ ತೆಗೆಯುವ ಮಾತಿಗೆ ಕೂರುವವರ ಗಮನಕ್ಕೆ

ಈ ಸೂಚನೆ ಗ್ರಾಮ ಪಂಚಾಯಿತಿಯ ಕಾರ್ಯಪಡೆಗೆ, ವರ್ತಕರ ಸಂಘಕ್ಕೆ, ಅಪಾರ್ಟ್‌ಮೆಂಟ್ ಸಮಿತಿಗೆ, ಜಿಲ್ಲಾಡಳಿತದ ಸಭೆಗೆ. ಟಿವಿ ಸ್ಟುಡಿಯೋದಲ್ಲಿ ಕೂತು ಕೂಗುವವರೂ ಓದಿಕೊಂಡರೆ ಬೇಡವೆನ್ನುವವರಿಲ್ಲ. ಸಾಂಕ್ರಾಮಿಕ ಇನ್ನೊಮ್ಮೆ ಬಂದರೆ ‘ತೆಗೆಯೋಣವೋ, ಇಟ್ಟುಕೊಳ್ಳೋಣವೋ’ ಎಂಬ ಜಗಳವೂ ಅದರ ಹಿಂದೆಯೇ ಬರುತ್ತದೆ. 2020ರಿಂದ 2022ರವರೆಗೆ ಕರ್ನಾಟಕದಲ್ಲಿ ಈ ಜಗಳವನ್ನು ಹೇಗೆಲ್ಲ ಆಡಬಾರದೋ ಹಾಗೆಲ್ಲ ಆಡಿ ಮುಗಿಸಿದ್ದೇವೆ. ಮತ್ತೆ ಅದೇ ದಾರಿ ಬೇಡ.

ಮಾಡಬಾರದ್ದು

‘ಲಾಕ್‌ಡೌನ್ ಬೇಕೋ ಬೇಡವೋ’ ಎಂದು ಮಾತು ಶುರು ಮಾಡಬೇಡಿ. ಲಾಕ್‌ಡೌನ್ ಒಂದು ಆಜ್ಞೆಯಲ್ಲ, ಹತ್ತಾರು ಆಜ್ಞೆಗಳ ಕಟ್ಟು. ಬಸ್ಸು ನಿಲ್ಲಿಸುವುದು, ಶಾಲೆ ಮುಚ್ಚುವುದು, ಸಂತೆ ಎತ್ತಿಸುವುದು, ಮದುವೆಗೆ ಬರುವವರ ತಲೆ ಎಣಿಸುವುದು, ಬೀದಿಗೆ ಬ್ಯಾರಿಕೇಡ್ ಹಾಕಿ ಸೀಲ್‌ಡೌನ್ ಮಾಡುವುದು, ಮಾಸ್ಕಿಗೆ ದಂಡ ಹಾಕುವುದು, ಇವೆಲ್ಲದರ ಪ್ರಯೋಜನವೂ ಬೇರೆ, ನಷ್ಟವೂ ಬೇರೆ. 2021ರ ಮೇ ತಿಂಗಳಲ್ಲಿ ದಿನಸಿ, ತರಕಾರಿ ಅಂಗಡಿಗೆ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶವಿತ್ತು. ದಿನವಿಡೀ ಚದುರಿ ಬರುತ್ತಿದ್ದ ಜನ ಆ ನಾಲ್ಕು ತಾಸಿನೊಳಗೆ ಸೊಪ್ಪಿನ ಗುಡ್ಡೆಯ ಮುಂದೆ ಮೈಗೆ ಮೈ ತಾಗಿಸಿ ನಿಂತರು. ಹತ್ತಕ್ಕೆ ಕಾಲು ಗಂಟೆ ಇದೆ ಎನ್ನುವಾಗಲೇ ಪೊಲೀಸರ ಸೀಟಿ. ಸೊಪ್ಪು ಮಾರುವಾಕೆ ಉಳಿದ ಕಟ್ಟುಗಳನ್ನು ಕೇಳಿದವರಿಗೆ ಕೇಳಿದ ಬೆಲೆಗೆ ಕೊಟ್ಟು ಗೋಣಿ ಮಡಚಬೇಕಿತ್ತು. ಇಂಥ ನಿಯಮದ ವೇಳೆ ಹೆಚ್ಚಿಸಿ ಎಂದು ಕೇಳುವವರು ರೋಗ ಹರಡಲಿ ಎನ್ನುವವರಲ್ಲ. ಅವರನ್ನು ಹಾಗೆಂದು ಗದರಿಸಿ ಕೂರಿಸಬೇಡಿ.

ಸಭೆಗೆ ಕರೆಯದವರ ಹಣೆಬರಹ ಬರೆಯಬೇಡಿ. 2020ರ ಮೇ ಮೊದಲ ವಾರ ಬೆಂಗಳೂರಿನಿಂದ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯಬೇಕಿದ್ದ ವಿಶೇಷ ರೈಲುಗಳು ಬೇಡವೆಂದು ರಾಜ್ಯ ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ಮುಖ್ಯಮಂತ್ರಿಗಳು ಕಟ್ಟಡ ನಿರ್ಮಾಣ ಉದ್ಯಮದವರ ಜೊತೆ ಸಭೆ ನಡೆಸಿದ ಬೆನ್ನಲ್ಲೇ ಬಂದ ತೀರ್ಮಾನ ಅದು. ಕೆಲಸ ಮತ್ತೆ ಶುರುವಾಗುತ್ತದೆ, ಕೈಗಳು ಬೇಕು ಎಂಬುದು ಲೆಕ್ಕ. ಗಾರೆ ಕೆಲಸದವರನ್ನು ಆ ಮೇಜಿಗೆ ಯಾರೂ ಕರೆದಿರಲಿಲ್ಲ. ಗದ್ದಲವೆದ್ದ ಮೇಲೆ ಎರಡು ಮೂರು ದಿನದಲ್ಲೇ ರೈಲುಗಳು ಮತ್ತೆ ಹೊರಟವು. ಅಷ್ಟರಲ್ಲಿ ಗಂಟುಮೂಟೆ ಹೊತ್ತು ಹೆದ್ದಾರಿಯಲ್ಲಿ ನಡೆದು ಹೊರಟವರೂ ಇದ್ದರು. ಕೆಲಸಕ್ಕೆ ಅನುಮತಿ ಕೊಟ್ಟಿರಿ, ಮನೆಗೆ ಹೋಗಲು ಕೊಡಲಿಲ್ಲ ಎಂದರೆ ಅದನ್ನು ನಿರ್ಬಂಧ ಸಡಿಲಿಕೆ ಎಂದು ಕರೆಯಬೇಡಿ.

ಗಟ್ಟಿಯಾಗಿ ಕೇಳಿದವರಿಗೆ ಮೊದಲು ಕೊಡಬೇಡಿ. 2021ರ ಏಪ್ರಿಲ್ 2ರಂದು ಬೆಂಗಳೂರು ಸೇರಿ ಕೆಲವು ಜಿಲ್ಲೆಗಳ ಚಿತ್ರಮಂದಿರಗಳಲ್ಲಿ ಅರ್ಧ ಸೀಟು ಮಾತ್ರ ಎಂಬ ಆದೇಶ ಹೊರಬಿತ್ತು. ‘ಯುವರತ್ನ’ ತೆರೆಗೆ ಬಂದದ್ದು ಅದರ ಹಿಂದಿನ ದಿನ. ಚಿತ್ರರಂಗ ಸಿಟ್ಟಿಗೆದ್ದಿತು, ಮರುದಿನವೇ ಏಪ್ರಿಲ್ 7ರವರೆಗೆ ಪೂರ್ತಿ ಸೀಟಿಗೆ ಒಪ್ಪಿಗೆ ಸಿಕ್ಕಿತು. ಮುನ್ಸೂಚನೆ ಇಲ್ಲದೆ ಆದೇಶ ಹೊರಡಿಸಿದ್ದು ತಪ್ಪು, ಅವರ ಸಿಟ್ಟು ನ್ಯಾಯವೇ. ಆದರೆ ಆ ‘7’ ಹುಟ್ಟಿದ್ದು ಸೋಂಕಿನ ಲೆಕ್ಕದಿಂದಲ್ಲ, ರಾಜಿಯಿಂದ. ಅದೇ ಏಪ್ರಿಲ್ 17ರಂದು ಬೆಳಗಾವಿ, ಬಸವಕಲ್ಯಾಣ, ಮಸ್ಕಿಗಳಲ್ಲಿ ಉಪಚುನಾವಣೆ. ಪ್ರಚಾರದ ಜನಜಂಗುಳಿಗೆ ಯಾವ ಪಕ್ಷವೂ ಹಿಂದೆ ಬೀಳಲಿಲ್ಲ. 2022ರ ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ ಇದ್ದಾಗಲೇ ಮೇಕೆದಾಟು ಪಾದಯಾತ್ರೆ ಹೊರಟು, ಹೈಕೋರ್ಟ್ ಕೇಳಿದ ಮೇಲೆ ನಿಂತಿತು. ತಮ್ಮ ಪಕ್ಷದ ಮೆರವಣಿಗೆಗೆ ವಿನಾಯಿತಿ ಬೇಕೆನ್ನುವವರು ಎದುರು ಮನೆಯ ಮದುವೆಯ ಪಟ್ಟಿಯಲ್ಲಿ ಹೆಸರು ಹೊಡೆಯಲು ಹೋಗಬೇಡಿ.

ಯಾವ ಸಮುದಾಯದ ತಲೆಗೂ ರೋಗವನ್ನು ಕಟ್ಟಬೇಡಿ. 2020ರ ಏಪ್ರಿಲ್‌ನಲ್ಲಿ ಹೆಸರು ಕೇಳಿ ಹಣ್ಣಿನ ಗಾಡಿಯನ್ನು ಊರಾಚೆ ನಿಲ್ಲಿಸಿದ ನಾಚಿಕೆ ನಮ್ಮಲ್ಲೇ ಆಗಿದೆ.

‘ಸತ್ತವರೆಲ್ಲ ವಯಸ್ಸಾದವರೇ’ ಎನ್ನಬೇಡಿ. ಎದುರಿಗೆ ಕೂತವರ ಮನೆಯಲ್ಲಿ ಯಾರು ಹೋಗಿದ್ದಾರೋ ನಿಮಗೆ ಗೊತ್ತಿರುವುದಿಲ್ಲ.

ಮಾಡಬೇಕಾದ್ದು

ಮೊದಲು ಏನು ತೆರೆಯುತ್ತೀರಿ ಎಂಬ ಪಟ್ಟಿಯನ್ನು ಬರೆದು ಎಲ್ಲರಿಗೂ ಕಾಣುವಂತೆ ಇಡಿ. ಬರೆಯದೆ ಹೋದರೆ ಏನಾಗುತ್ತದೆಂದು ಎರಡು ತಾರೀಕು ಹೇಳುತ್ತವೆ. ರಾಜ್ಯದಲ್ಲಿ ಮದ್ಯದಂಗಡಿಗಳ ಬಾಗಿಲು ತೆರೆದದ್ದು 2020ರ ಮೇ 4ರಂದು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಖಜಾನೆಗೆ ಅಬಕಾರಿ ಹಣ ಬೇಕಿತ್ತು, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಒಂದನೇ ತರಗತಿಗೆ ಸೇರಬೇಕಿದ್ದ ಮಗು ಶಾಲೆಯ ಮುಖ ಕಾಣದೆ ಎರಡನೇ ತರಗತಿಗೆ ಹೋಗಿತ್ತು. ನಡುವೆ 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಶುರುವಾಗಿ, ಮೇಷ್ಟ್ರುಗಳು ಗುಡಿಯ ಜಗಲಿಯಲ್ಲಿ, ಮರದ ಕೆಳಗೆ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದರು. ಮೊಬೈಲ್ ಇಲ್ಲದ ಮನೆಯ ಮಕ್ಕಳಿಗೆ ಅದೊಂದೇ ಆಸರೆ. ಸೋಂಕಿನ ಸುದ್ದಿ ಬಂದು ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸಲಾಯಿತು. ಆ ಭಯಕ್ಕೆ ಕಾರಣವಿತ್ತು. ನಿಲ್ಲಿಸಿದ್ದಕ್ಕೆ ಬದಲಾಗಿ ಏನು ಎಂಬ ಪ್ರಶ್ನೆಗೆ ಮಾತ್ರ ಉತ್ತರವಿರಲಿಲ್ಲ. ಪಟ್ಟಿಯಲ್ಲಿ ಶಾಲೆ ಎಷ್ಟನೆಯದು ಎಂದು ಕೇಳಿ, ಮೇಲಿನ ಎರಡರಲ್ಲಿ ಒಂದಾಗದಿದ್ದರೆ ಯಾಕಿಲ್ಲ ಎಂದು ಜಗಳ ತೆಗೆಯಿರಿ. ಮಕ್ಕಳಿಗೆ ಸಂಘವಿಲ್ಲ, ಅವರು ಫ್ರೀಡಂ ಪಾರ್ಕಿಗೆ ಬಂದು ಧರಣಿ ಕೂರುವುದಿಲ್ಲ.

ಅಂಕಿಯನ್ನು ಒಂಟಿಯಾಗಿ ಮೇಜಿನ ಮೇಲೆ ಇಡಬೇಡಿ, ಅದರ ಸಂಗಾತಿಗಳನ್ನೂ ತನ್ನಿ. 2021ರ ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50,112 ಹೊಸ ಪ್ರಕರಣ. 2022ರ ಜನವರಿ 21ರಂದು 48 ಸಾವಿರದ ಆಸುಪಾಸು. ಅಂಕಿ ಹೆಚ್ಚುಕಡಿಮೆ ಒಂದೇ. ಮೊದಲನೆಯ ಸಲ ಕೆಲವೇ ದಿನದಲ್ಲಿ ಕಠಿಣ ಲಾಕ್‌ಡೌನ್ ಬಂತು, ಎರಡನೆಯ ಸಲ ಅದೇ ದಿನ ವಾರಾಂತ್ಯದ ಕರ್ಫ್ಯೂವನ್ನೇ ತೆಗೆದರು. ಎರಡೂ ಸರಿಯಾದ ತೀರ್ಮಾನಗಳೇ. ನಡುವೆ ಬಹುಪಾಲು ವಯಸ್ಕರಿಗೆ ಲಸಿಕೆ ಬಿದ್ದಿತ್ತು, ಓಮಿಕ್ರಾನ್ ತಗುಲಿದವರಲ್ಲಿ ಆಸ್ಪತ್ರೆ ಸೇರುವವರು ಕಡಿಮೆಯಿದ್ದರು. ಮೊದಲನೆಯ ಸಲ ಹಾಸಿಗೆಗಾಗಿ ವಾರ್ ರೂಂಗೆ ಫೋನ್ ಮಾಡಿ ಮಾಡಿ ಜನ ಸೋತಿದ್ದರು. ಹಾಸಿಗೆ ಸಿಕ್ಕರೂ ಸಾಲದು. ಮೇ 2ರ ರಾತ್ರಿಯಿಂದ 3ರ ಬೆಳಗಿನೊಳಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ 24 ರೋಗಿಗಳು ಸತ್ತರು. ಅವರೆಲ್ಲ ಹಾಸಿಗೆ ಸಿಕ್ಕವರೇ. ಆದ್ದರಿಂದ ‘ನಮ್ಮ ತಾಲ್ಲೂಕಿನಲ್ಲಿ ಇಷ್ಟು ಬೆಡ್ ಇದೆ’ ಎಂದವರಿಗೆ ಆಕ್ಸಿಜನ್ ಎಲ್ಲಿಂದ ಬರುತ್ತದೆ, ಎಷ್ಟು ತಾಸಿಗೆ ಸಾಕು ಎಂದು ಕೇಳಿಯೇ ಮುಂದೆ ಹೋಗಿ.

ಪಾಸಿಟಿವಿಟಿ ದರವನ್ನು ನಂಬುವ ಮೊದಲು ಪರೀಕ್ಷೆ ಮಾಡಿಸಿಕೊಂಡವರು ಯಾರು ಎಂದು ವಿಚಾರಿಸಿ. 2021ರ ಜೂನ್ 14ರ ಅನ್‌ಲಾಕ್ ವೇಳೆ ದರ ಇಳಿದ ಜಿಲ್ಲೆಗಳಿಗೆ ಸಡಿಲಿಕೆ ಸಿಕ್ಕಿ 11 ಜಿಲ್ಲೆಗಳು ಬಿಗಿಯಲ್ಲೇ ಉಳಿದವು. ದರವೇ ಮಾಪಕವಾಗಿತ್ತು. ಮಾಪಕ ಕೆಟ್ಟದ್ದಲ್ಲ. ಆದರೆ ಗುರಿ ಮುಟ್ಟಿಸಲೆಂದು ಬಸ್ ನಿಲ್ದಾಣದಲ್ಲಿ ಆರೋಗ್ಯವಂತರ ಮೂಗಿಗೇ ಕಡ್ಡಿ ಹಾಕಿದರೆ ದರ ತಾನಾಗಿ ಇಳಿಯುತ್ತದೆ, ಜ್ವರ ಬಂದವರನ್ನಷ್ಟೇ ಪರೀಕ್ಷಿಸಿದರೆ ಏರುತ್ತದೆ.

ಎರಡು ವಾರ ಕಾಯುವ ತಾಳ್ಮೆ ಇಟ್ಟುಕೊಳ್ಳಿ. ಇಂದು ತೆಗೆದ ನಿರ್ಬಂಧದ ಫಲ ನಾಳೆ ಕಾಣುವುದಿಲ್ಲ. ಸೋಂಕು ತಗುಲಿ, ಲಕ್ಷಣ ಕಂಡು, ಆಸ್ಪತ್ರೆ ಸೇರುವಷ್ಟರಲ್ಲಿ ದಿನ ಕಳೆದಿರುತ್ತದೆ. 2021ರ ಮೇನಲ್ಲಿ ಪ್ರಕರಣಗಳು ತಿಂಗಳ ಮೊದಲ ವಾರ ತುದಿ ಮುಟ್ಟಿದರೆ, ಸಾವುಗಳು ತುದಿ ಮುಟ್ಟಿದ್ದು ಅದರ ನಂತರದ ವಾರಗಳಲ್ಲಿ. ‘ತೆಗೆದು ಮೂರು ದಿನವಾಯಿತು, ಏನೂ ಆಗಲಿಲ್ಲವಲ್ಲ’ ಎನ್ನುವವರ ಮಾತನ್ನು ನಡಾವಳಿಗೆ ಸೇರಿಸಬೇಡಿ.

ಮುಂದುವರಿಸಿ ಎನ್ನುವವರು ಅದರ ಖರ್ಚು ಯಾರು ಕೊಡುತ್ತಾರೆ ಎಂಬುದನ್ನೂ ಹೇಳಬೇಕು. ಇದು ಕಡ್ಡಾಯ. ತಿಂಗಳ ಸಂಬಳ ಬ್ಯಾಂಕಿಗೆ ಬೀಳುವವರಿಗೆ ‘ಇನ್ನೊಂದು ವಾರ ಇರಲಿ’ ಎನ್ನುವುದು ಸುಲಭ. 2021ರ ಮೇ 19ರಂದು ಘೋಷಿಸಿದ ಪರಿಹಾರದಲ್ಲಿ ಆಟೋ, ಟ್ಯಾಕ್ಸಿ ಚಾಲಕರಿಗೆ ಸಿಕ್ಕಿದ್ದು ಒಮ್ಮೆಗೆ 3,000 ರೂಪಾಯಿ. ಕ್ಷೌರಿಕರು, ದರ್ಜಿಗಳು, ಮಡಿವಾಳರಂಥವರಿಗೆ 2,000. ಎಷ್ಟೋ ಆಟೋಗಳ ಒಂದು ತಿಂಗಳ ಸಾಲದ ಕಂತಿಗೆ ಸಾಲದ ಮೊತ್ತ ಅದು. ಅದಕ್ಕೂ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕಿತ್ತು, ಅರ್ಜಿ ಹಾಕಿಕೊಡುವ ಅಂಗಡಿಗಳೇ ಮುಚ್ಚಿದ್ದ ಕಾಲದಲ್ಲಿ. ತೆಗೆಯಿರಿ ಎನ್ನುವವರಿಗೂ ಇದೇ ನಿಯಮ: ತೆಗೆದ ಮೇಲೆ ಕಾಯಿಲೆ ಬಿದ್ದ ದಿನಗೂಲಿಯವರಿಗೆ ಹದಿನಾಲ್ಕು ದಿನದ ಕೂಲಿ ಕೊಡುವವರು ಯಾರು ಎಂದು ಹೇಳಿ.

ಮತ್ತೆ ಮುಚ್ಚುವ ಗುರುತನ್ನು ತೆರೆಯುವ ದಿನವೇ ಗೊತ್ತುಮಾಡಿ. ಪ್ಲೇಗಿನ ಕಾಲದಲ್ಲಿ ನಮ್ಮ ಹಳ್ಳಿಗಳಿಗೆ ಅಂಥದೊಂದು ಗುರುತಿತ್ತು. ಇಲಿ ಬಿತ್ತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಬೇಕು, ಅದಕ್ಕೆ ಯಾರ ಭಾಷಣವೂ ಬೇಡ. ನಿಮ್ಮ ಊರಿನ ಇಲಿ ಯಾವುದು? ಆಕ್ಸಿಜನ್ ಹಾಸಿಗೆಗಳಲ್ಲಿ ಇಷ್ಟು ತುಂಬಿದರೆ ಇಂಥ ನಿರ್ಬಂಧ ಮರಳುತ್ತದೆ ಎಂದು ಸಂಖ್ಯೆ ಸಮೇತ ಬರೆಯಿರಿ. ಆಮೇಲೆ ಬಿಗಿ ಮಾಡಬೇಕಾಗಿ ಬಂದರೆ ಸೋತೆವು ಎಂದು ಯಾರೂ ಮುಖ ತಿರುಗಿಸಬೇಕಾಗಿಲ್ಲ.

ಆಶಾ ಕಾರ್ಯಕರ್ತೆಗೆ ಕುರ್ಚಿ ಕೊಡಿ, ಮೊದಲು ಮಾತಾಡಲು ಬಿಡಿ. ಯಾವ ಮನೆಯಲ್ಲಿ ಜ್ವರವಿದೆ, ಯಾವ ಮನೆಯಲ್ಲಿ ಅಕ್ಕಿ ಮುಗಿದಿದೆ ಎಂಬುದು ಎರಡೂ ಗೊತ್ತಿರುವುದು ಅವರಿಗೇ.

ತೀರ್ಮಾನವನ್ನು ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ ಬರೆಯಿರಿ. ಏನು ತೆರೆಯಿತು, ಏನು ಇಲ್ಲ, ಎಂದಿನಿಂದ, ದೂರು ಯಾರಿಗೆ, ಇಷ್ಟಿದ್ದರೆ ಸಾಕು. ನಡುರಾತ್ರಿ ಆದೇಶ ಹೊರಡಿಸಿ ಬೆಳಿಗ್ಗೆ ಲಾಠಿ ಹಿಡಿಯಬೇಡಿ, ಕನಿಷ್ಠ ಒಂದು ಹಗಲು ಬಿಡಿ. ಮುಂದಿನ ಪರಿಶೀಲನಾ ಸಭೆಯ ತಾರೀಕನ್ನು ಅದೇ ಹಾಳೆಯ ಕೊನೆಯ ಸಾಲಿನಲ್ಲಿ ಹಾಕಿ. ತಾರೀಕು ಇಲ್ಲದ ಹಾಳೆಗೆ ಯಾರೂ ಸಹಿ ಮಾಡಬೇಡಿ.