ನಾಯಕತ್ವದ ವಿದ್ಯಾರ್ಥಿವೇತನ: ಅರ್ಜಿಯಲ್ಲಿ ಏನು ಬರೆಯಬೇಕು?

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್‌ಗೆ ಹೋದರು. ಆ ವೇತನಕ್ಕೆ ಅಂಕಗಳಷ್ಟೇ ಸಾಲವು. ದುರ್ಬಲರ ಬಗೆಗಿನ ಕಾಳಜಿ, ಮುಂದಾಳುತನವನ್ನೂ ನೋಡುತ್ತಾರೆ. ಬ್ರಿಟನ್ ಸರ್ಕಾರದ ಚೀವನಿಂಗ್ ವೇತನವೂ ಇಂಥದ್ದೇ. ಅದಕ್ಕೆ ಪದವಿಯ ಜೊತೆ 2,800 ಗಂಟೆಗಳ ಕೆಲಸದ ಅನುಭವ ಬೇಕು. ಸಂಬಳವಿಲ್ಲದ ಸೇವೆಯೂ ಲೆಕ್ಕಕ್ಕೆ ಬರುತ್ತದೆ.

ಪದವಿ ಮುಗಿಸಿದ ತಿಕೋಟಾದ ಹುಡುಗಿಯೊಬ್ಬಳು ಕರಡು ತಂದಿದ್ದಳು. ‘ಸಮಾಜಸೇವೆಯೇ ನನ್ನ ಉಸಿರು’ ಎಂದು ಎರಡು ಪುಟ.

“ನೀ ಮಾಡಿದ್ದೇನವ್ವಾ?” ಎಂದೆ.

“ಏನೂ ಇಲ್ರಿ ಸರ್. ಸಂಜೀಕ ಓಣಿ ಹುಡುಗೂರಿಗೆ ಲೆಕ್ಕ ಹೇಳಿಕೊಡ್ತೀನಿ, ಅಷ್ಟ.”

ಎಷ್ಟು ಮಕ್ಕಳು? ಹನ್ನೊಂದು. ಎಷ್ಟು ದಿನದಿಂದ? ಮೂರು ವರ್ಷ. ಶಾಲೆ ಬಿಟ್ಟಿದ್ದ ಇಬ್ಬರನ್ನು ಅವರ ಮನೆಗೇ ಹೋಗಿ ಮಾತಾಡಿ ಮತ್ತೆ ಸೇರಿಸಿದ್ದಳು. ಅದು ಕರಡಿನಲ್ಲಿ ಒಂದು ಸಾಲೂ ಇರಲಿಲ್ಲ! ತಪ್ಪು ಅವಳದಲ್ಲ. ‘ಉಸಿರು’ ಎಂದು ಬರೆದವರಿಗೆ ಅಂಕ ಕೊಡುತ್ತ ಬಂದವರು ನಾವೇ ಮಾಸ್ತರರು.

ಪಾಲಕರೇ, ಮಕ್ಕಳು ಮಾಡಿದ ಕೆಲಸದ ತಾರೀಖು, ಗಂಟೆಗಳನ್ನು ಈಗಿನಿಂದಲೇ ಒಂದು ವಹಿಯಲ್ಲಿ ಬರೆದಿಡಲಿ. ದಾನಿಗಳು ಪಾಸ್‌ಪೋರ್ಟ್ ಶುಲ್ಕಕ್ಕೆ ನೆರವಾದರೂ ದೊಡ್ಡ ಉಪಕಾರ. ವಿಜಯಪುರ, ಬಬಲೇಶ್ವರದ ಮಕ್ಕಳು ಕರಡು ತಂದರೆ ಕೂತು ಓದುತ್ತೇನೆ.