ಸೀಸೆಯಲ್ಲಿ ಮರೆಯಾಗುವ ಗಾಯ

ಎಮ್ಮಿಗನೂರಿನ ತರುಣನೊಬ್ಬನು ಹೊರಊರಿನ ಎಕ್ಸ್-ಕಿರಣದ ಕೊಠಡಿಯಲ್ಲಿ ಕೆಲಸಮಾಡುವಾಗ ಆಕಸ್ಮಿಕವಾಗಿ ಹೆಚ್ಚು ಕಿರಣಗಳಿಗೆ ಗುರಿಯಾದನೆಂದು ಭಾವಿಸೋಣ. ಅವನ ಮೈಗೆ ತಗುಲಿದ ಕಿರಣದ ಪ್ರಮಾಣವೆಷ್ಟು? ಇದಕ್ಕೆ ಅವನ ರಕ್ತದ ಬಿಳಿಯ ಕಣಗಳಲ್ಲಿರುವ ವರ್ಣತಂತುಗಳೇ ಸಾಕ್ಷಿ ನುಡಿಯಬಲ್ಲವು.

ಆದರೆ ವರ್ಣತಂತುಗಳು ಬಿಡಿಬಿಡಿಯಾಗಿ ಕಾಣುವುದು ಕೋಶವು ವಿಭಜನೆ ಹೊಂದುವಾಗ ಮಾತ್ರ. ರಕ್ತದಲ್ಲಿ ಹರಿಯುವ ಲಿಂಫೊಸೈಟುಗಳಾದರೋ ಸಾಮಾನ್ಯವಾಗಿ ವಿಭಜನೆಗೆ ತೊಡಗದೆ ಸುಮ್ಮನಿರುತ್ತವೆ. ಹುರುಳಿಕಾಯಿಯ ಕಾಳಿನಿಂದ ತೆಗೆದ ಫೈಟೊಹೀಮಗ್ಲುಟಿನಿನ್ ಎಂಬ ಸತ್ತ್ವವು ಅವುಗಳನ್ನು ಎಚ್ಚರಿಸುತ್ತದೆಂಬುದನ್ನು 1960ರಲ್ಲಿ ಅಮೆರಿಕದ ಪೀಟರ್ ನೋವೆಲ್ ತೋರಿಸಿದನು. ಅಂದಿನಿಂದ ರಕ್ತವನ್ನು ಪೋಷಕದ್ರವದೊಡನೆ ಸೀಸೆಯಲ್ಲಿಟ್ಟು, 37 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕೃಷಿ ಮಾಡುವ ಪದ್ಧತಿ ಬೆಳೆಯಿತು.

ಎಷ್ಟು ಹೊತ್ತು ಇಡಬೇಕು? ತೊಡಕು ಇರುವುದು ಇಲ್ಲಿಯೇ. ಕಿರಣವು ಎರಡು ವರ್ಣತಂತುಗಳನ್ನು ಮುರಿದಾಗ, ಮುರಿದ ತುದಿಗಳು ತಪ್ಪಾಗಿ ಬೆಸೆದುಕೊಂಡು ಎರಡು ಕೇಂದ್ರಬಿಂದುಗಳುಳ್ಳ ಒಂದು ವಿಕೃತ ತಂತು ಹುಟ್ಟಬಹುದು. ವಿಭಜನೆಯ ಕಾಲದಲ್ಲಿ ಅದನ್ನು ಎರಡು ಕಡೆಗೂ ಜಗ್ಗಿದರೆ ಕೋಶವೇ ಕೆಡುತ್ತದೆ. ಹೀಗೆ ಪ್ರತಿಯೊಂದು ವಿಭಜನೆಯಲ್ಲಿಯೂ ಇಂತಹ ತಂತುಗಳಲ್ಲಿ ಸುಮಾರು ಅರ್ಧದಷ್ಟು ಕಳೆದುಹೋಗುತ್ತವೆ. ಮೊದಲ ವಿಭಜನೆಯಲ್ಲಿ 1000 ಕೋಶಗಳಿಗೆ 40 ವಿಕೃತ ತಂತುಗಳಿದ್ದರೆ, ಎರಡನೆಯದರಲ್ಲಿ ಸುಮಾರು 20 ಮಾತ್ರ ಉಳಿದಾವು. ಮೊದಲ ವಿಭಜನೆಯ ಕೋಶಗಳು ಹೆಚ್ಚಾಗಿ ದೊರೆಯುವುದು ಸುಮಾರು 48 ಗಂಟೆಗಳಿಗೆ. 72 ಗಂಟೆ ಕಾದರೆ ವಿಭಜಿಸುವ ಕೋಶಗಳು ಧಾರಾಳವಾಗಿ ಸಿಕ್ಕುತ್ತವೆ, ಎಣಿಸುವವನಿಗೆ ಸುಖ. ಆದರೆ ಅವುಗಳಲ್ಲಿ ಬಹಳಷ್ಟು ಎರಡನೆಯ, ಮೂರನೆಯ ತಲೆಮಾರಿನವು. ಬಕ್ಟನ್ ಮತ್ತು ಪೈಕ್ ಎಂಬವರು 1964ರಲ್ಲಿಯೇ ಈ ಸಂಗತಿಯನ್ನು ಎತ್ತಿ ತೋರಿಸಿದರು. ನಮ್ಮ ತರುಣನಿಗೆ ಇದು ಸಣ್ಣ ಮಾತಲ್ಲ: ಸೀಸೆಯನ್ನು ಒಂದು ದಿನ ಹೆಚ್ಚಾಗಿ ಇಟ್ಟ ಮಾತ್ರಕ್ಕೆ ಅವನ ಹಾನಿಯು ಅಲ್ಪವೆಂದು ತೋರಿಬಿಡಬಹುದು.

ಇದಕ್ಕೊಂದು ಉಪಾಯವಿದೆ. ಬ್ರೋಮೊಡಿಆಕ್ಸಿಯುರಿಡಿನ್ ಎಂಬ ವಸ್ತುವನ್ನು ಸೀಸೆಗೆ ಬೆರೆಸಿ, ಆಮೇಲೆ ತಕ್ಕ ರೀತಿಯಲ್ಲಿ ಬಣ್ಣ ಹಾಕಿದರೆ, ಎರಡನೆಯ ವಿಭಜನೆಗೆ ಬಂದ ತಂತುವಿನ ಒಂದು ಎಳೆ ಕಪ್ಪಾಗಿಯೂ ಇನ್ನೊಂದು ಮಾಸಲಾಗಿಯೂ ಕಾಣುತ್ತದೆ. ಅಂತಹ ಕೋಶಗಳನ್ನು ಎಣಿಕೆಯಿಂದ ಬಿಡಬಹುದು.

ಪೋಷಕದ್ರವವೂ ಉದಾಸೀನವಾದುದಲ್ಲ. 1969ರಲ್ಲಿ ಹರ್ಬರ್ಟ್ ಲಬ್ಸ್ ಎಂಬವನು ಎಕ್ಸ್ ವರ್ಣತಂತುವಿನ ತುದಿಯ ಬಳಿ ಒಂದು ಸುಲಭಭಂಗುರ ತಾಣವನ್ನು ಕಂಡನು. ಆದರೆ ಇತರರ ಸೀಸೆಗಳಲ್ಲಿ ಅದು ಅನೇಕವೇಳೆ ಕಾಣಿಸಿಕೊಳ್ಳಲೇ ಇಲ್ಲ. ಫೋಲಿಕ್ ಆಮ್ಲವು ಕಡಿಮೆಯಿರುವ ದ್ರವದಲ್ಲಿ ಮಾತ್ರ ಅದು ಪ್ರಕಟವಾಗುವುದೆಂದು ಆಸ್ಟ್ರೇಲಿಯದ ಗ್ರಾಂಟ್ ಸದರ್ಲೆಂಡ್ 1977ರಲ್ಲಿ ಬಿಡಿಸಿ ಹೇಳಿದನು. ಪುಷ್ಟಿಕರವಾದ ಆಹಾರವೇ ದೋಷವನ್ನು ಮುಚ್ಚಿಟ್ಟಿತ್ತು!

ಆದುದರಿಂದ ನಮ್ಮ ತರುಣನ ರಕ್ತದ ಜೊತೆಗೆ, ಕಿರಣ ತಗುಲದ ಸಮವಯಸ್ಕನೊಬ್ಬನ ರಕ್ತವೂ ಅದೇ ಪೆಟ್ಟಿಗೆಯಲ್ಲಿ ಹೋಗಬೇಕು. ಅದೇ ದ್ರವದಲ್ಲಿ ಅಷ್ಟೇ ಗಂಟೆ ಬೆಳೆಯಬೇಕು. ಗಾಜಿನ ಪಟ್ಟಿಗಳ ಮೇಲೆ ಹೆಸರಿನ ಬದಲು ಸಂಖ್ಯೆಯನ್ನಷ್ಟೇ ಬರೆದು ಎಣಿಸುವವನ ಕೈಗೆ ಕೊಡಬೇಕು.